ಪಂಡಿತರು ಪ್ರೋಟೀನಾದ ಮಧ್ಯಾಹ್ನ

ಅರವತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ನನ್ನನ್ನು ಒಂದು ಸಮಿತಿಗೆ ಹಾಕಿದರು. ಕಾಲೇಜುಗಳಲ್ಲಿ ವಿಜ್ಞಾನವನ್ನು ಕನ್ನಡದಲ್ಲೇ ಕಲಿಸಬೇಕೆಂಬ ಉತ್ಸಾಹ ಆಗ ಮೈಸೂರಿನಲ್ಲಿ ಜೋರಾಗಿತ್ತು. ಕಲಿಸಬೇಕಾದರೆ ಪುಸ್ತಕ ಬೇಕು, ಪುಸ್ತಕಕ್ಕೆ ಮೊದಲು ಪದಗಳು ಬೇಕು, ಪದಗಳಿಗೆ ಸಮಿತಿ ಬೇಕು. ಹೀಗಾಗಿ ಒಂಟಿಕೊಪ್ಪಲಿನ ಒಂದು ವಾಚನಾಲಯದ ಮಹಡಿಯಲ್ಲಿ ಜೀವವಿಜ್ಞಾನದ ಪದಗಳಿಗೆಂದೇ ಒಂದು ಸಣ್ಣ ಸಮಿತಿ ಶನಿವಾರ ಮಧ್ಯಾಹ್ನಗಳಲ್ಲಿ ಸೇರುತ್ತಿತ್ತು. ನಾನು ಎಂ.ಎಸ್ಸಿ. ಮುಗಿಸಿ ಕಾಲೇಜೊಂದರಲ್ಲಿ ಜೀವರಸಾಯನ ಕಲಿಸಲು ಸೇರಿ ಹೆಚ್ಚು ದಿನವಾಗಿರಲಿಲ್ಲ. ಸಮಿತಿಯ ಕರೆ ಬಂದದ್ದು ನಮ್ಮ ವಿಭಾಗದ ಮುಖ್ಯಸ್ಥರಿಗೆ. ಅವರು "ನಿಮಗೆ ಕನ್ನಡ ಚೆನ್ನಾಗಿ ಬರುತ್ತಲ್ಲ" ಎಂದು ಅದನ್ನು ನನಗೆ ದಾಟಿಸಿದರು. ಕನ್ನಡ ಅವರಿಗೂ ಚೆನ್ನಾಗಿಯೇ ಬರುತ್ತಿತ್ತು. ಶನಿವಾರ ಮಧ್ಯಾಹ್ನ ನಿದ್ದೆಯೂ ಚೆನ್ನಾಗಿ ಬರುತ್ತಿತ್ತು.

ಸಮಿತಿಯಲ್ಲಿ ನನ್ನನ್ನು ಬಿಟ್ಟರೆ ಮೂವರು, ಮೂವರೂ ನಿವೃತ್ತರು. ಅಧ್ಯಕ್ಷರು ನಾಲೆ, ತೂಬುಗಳನ್ನು ನೋಡಿಕೊಂಡಿದ್ದ ಎಂಜಿನಿಯರು. ಜೀವವಿಜ್ಞಾನಕ್ಕೂ ಅವರಿಗೂ ಏನೂ ಸಂಬಂಧವಿರಲಿಲ್ಲ. ಆದರೆ ಸಭೆ ನಡೆಸುವುದು ಅವರಿಗೆ ಗೊತ್ತಿತ್ತು, ಮನೆ ವಾಚನಾಲಯದ ಎದುರಿಗೇ ಇತ್ತು. ಎರಡನೆಯವರು ಸಂಸ್ಕೃತ ಪಂಡಿತರು. ಅರಮನೆಯ ಗ್ರಂಥಭಂಡಾರದಲ್ಲಿ ತಾಳೆಗರಿ ಓದುವ ಕೆಲಸದಲ್ಲಿ ಆಯುಷ್ಯ ಕಳೆದವರು. ಸಣ್ಣ ಮೈ, ಮುಚ್ಚುಕೋಟು, ಪೇಟ. ಹೊರಗಡೆ ನೀರು ಕೂಡ ಕುಡಿಯುತ್ತಿರಲಿಲ್ಲ. ಮೂರನೆಯವರು ಇಲವಾಲದ ಕಡೆಯ ಒಕ್ಕಲು ಮನೆತನದವರು, ಹಳ್ಳಿ ಶಾಲೆಗಳಲ್ಲಿ ಹೆಡ್‌ಮೇಷ್ಟ್ರಾಗಿದ್ದು ಈಗ ಮಗನ ಮನೆಯಲ್ಲಿದ್ದರು. ಎತ್ತರದ ಆಳು, ದೊಡ್ಡ ಗಂಟಲು. ಪದ ಯಾವುದಾದರೂ ಅದು ತಮ್ಮೂರಿನ ಹುಡುಗನಿಗೆ ಒಂದೇ ಸಲಕ್ಕೆ ಅರ್ಥವಾಗಬೇಕು ಎಂಬುದು ಅವರ ಹಟ. ಪದಕ್ಕೆ ಧಾತು ಇರಬೇಕು, ಅಂದರೆ ಅದರ ಬೇರಿನಲ್ಲಿ ಒಂದು ಕ್ರಿಯೆ ಇರಬೇಕು ಎಂಬುದು ಪಂಡಿತರ ಹಟ. ಇಬ್ಬರ ನಡುವೆ ನಾನು ಅಕ್ಷರಕ್ರಮದಲ್ಲಿ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಇಡುತ್ತ ಹೋಗಬೇಕಿತ್ತು.

ಎನ್ಜೈಮ್‌ಗೆ 'ಕಿಣ್ವ' ಎಂಬ ಪದ ಆಗಲೇ ಬಳಕೆಯಲ್ಲಿತ್ತು. ಪಂಡಿತರಿಗೆ ಅದು ಅಷ್ಟಾಗಿ ಹಿಡಿಸಿರಲಿಲ್ಲ. "ಇದು ಹೆಂಡ ಹುಳಿಬರಿಸೋ ಪದಾರ್ಥದ ಹೆಸರಮ್ಮ. ಮಕ್ಕಳಿಗೆ ಹೇಳಿಕೊಡಬಹುದಾ ಯೋಚನೆ ಮಾಡಿ" ಎಂದಿದ್ದರು. ಹೆಡ್‌ಮೇಷ್ಟ್ರು "ನಮ್ಮೂರ್ ಮಕ್ಳಿಗೆ ಗೊತ್ತಿಲ್ದೆ ಇರೋದೇನಲ್ಲ ಬುಡಿ" ಎಂದು ಆ ವಾರದ ಸಭೆ ಮುಗಿಸಿದ್ದರು. ಜೀವಕೋಶದೊಳಗೆ 'ಟ್ರಾನ್ಸ್‌ಲೇಶನ್' ಎಂಬ ಕೆಲಸ ನಡೆಯುತ್ತದೆ ಎಂದು ಹೇಳಿದಾಗಂತೂ ಪಂಡಿತರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಯಾವ ಭಾಷೆಯಿಂದ ಯಾವ ಭಾಷೆಗಮ್ಮ?"

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅವರಿಗೆ ತೃಪ್ತಿ ತರಲಿಲ್ಲವೆಂದು ಕಾಣುತ್ತದೆ. ಮುಂದಿನ ವಾರಗಳಲ್ಲೂ ಆಗಾಗ "ಆ ಅನುವಾದದ ವಿಷಯ" ಎಂದು ಶುರುಮಾಡುತ್ತಿದ್ದರು.

ಹೀಗೆ ಸಾಗುತ್ತ ನಾವು 'ಆರ್' ಅಕ್ಷರಕ್ಕೆ ಬಂದೆವು. ಅಲ್ಲಿ 'ರಿಪ್ರೆಸರ್' ಇತ್ತು, ಅಂದರೆ ಅದುಮಿಡುವಂಥದ್ದು.

ಇದು ಆಗಿನ ಕಾಲಕ್ಕೆ ಹೊಸ ವಿಷಯ. ಅದು ಪ್ರೋಟೀನು ಎಂದು ಖಚಿತವಾಗಿ ಕೆಲವು ವರ್ಷ ಮಾತ್ರ ಆಗಿತ್ತು. ನಾನು ಸಾಧ್ಯವಾದಷ್ಟು ಸರಳವಾಗಿ ಹೇಳಿದೆ. ನಮ್ಮ ಕರುಳಲ್ಲಿರುವ ಒಂದು ಬ್ಯಾಕ್ಟೀರಿಯ. ಅದಕ್ಕೆ ಹಾಲಿನ ಸಕ್ಕರೆ ಸಿಕ್ಕರೆ ಅದನ್ನು ಒಡೆದು ತಿನ್ನಲು ಒಂದು ಕಿಣ್ವ ಬೇಕು. ಆ ಕಿಣ್ವ ಮಾಡುವ ವಿಧಾನ ಡಿಎನ್ಎ ಎಂಬ ಉದ್ದನೆಯ ದಾರದಲ್ಲಿ ಅಕ್ಷರಗಳಾಗಿ ಬರೆದಿದೆ. ಆ ಭಾಗಕ್ಕೆ ಜೀನ್ ಎನ್ನುತ್ತೇವೆ. ಇನ್ನೊಂದು ದೊಡ್ಡ ಕಿಣ್ವ ಬಂದು, ಆ ಜೀನಿನ ಮೇಲೆ ಸಾಗುತ್ತ, ಅದನ್ನು ನಕಲು ಮಾಡಿಕೊಳ್ಳುತ್ತದೆ. ಆ ನಕಲಿನಂತೆ ಬೇಕಾದ ಕಿಣ್ವ ತಯಾರಾಗುತ್ತದೆ. ಆದರೆ ಹಾಲಿಲ್ಲದಾಗ ಸುಮ್ಮನೆ ಯಾಕೆ ತಯಾರಿಸಬೇಕು? ಅದಕ್ಕೇ ಒಂದು ಪ್ರೋಟೀನು ಜೀನಿನ ಬಾಗಿಲಲ್ಲಿ ಕೂತಿರುತ್ತದೆ. ಅದು ಕೂತಿರುವಷ್ಟು ಹೊತ್ತು ನಕಲು ಮಾಡುವ ಕಿಣ್ವ ಮುಂದೆ ಹೋಗುವ ಹಾಗಿಲ್ಲ. ಹಾಲಿನ ಸಕ್ಕರೆ ಬಂದು ಅಂಟಿಕೊಂಡರೆ ಆ ಪ್ರೋಟೀನಿನ ಆಕಾರ ಬದಲಾಗಿ ಅದು ಅಲ್ಲಿಂದ ಕಳಚಿಕೊಳ್ಳುತ್ತದೆ. ಸಕ್ಕರೆ ಮುಗಿದರೆ ಮತ್ತೆ ಬಂದು ಕೂರುತ್ತದೆ. ಅದೇ ರಿಪ್ರೆಸರ್.

ಅಧ್ಯಕ್ಷರು ತಲೆದೂಗಿದರು. "ತೂಬಿನ ಬಾಗಿಲು. ಅರ್ಥವಾಯಿತು. ಇದನ್ನು ತೆಗೆಯೋಕೆ ಅಪ್ಪಣೆ ಕೊಡೋರು ಯಾರು?"

"ಯಾರೂ ಇಲ್ಲ ಸಾರ್. ಸಕ್ಕರೆ ಬಂದರೆ ತಾನಾಗಿ ತೆರೆಯುತ್ತೆ."

"ಅದು ಸರಿ. ಸಕ್ಕರೆ ಬಂದಿದೆ ಅಂತ ಮೇಲಿನವರಿಗೆ ವರದಿ ಹೋಗಬೇಕಲ್ಲ."

"ಮೇಲಿನವರು ಅಂತ ಯಾರೂ ಇಲ್ಲ ಸಾರ್."

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಮಹಾರಾಜರ ಕಾಲದಿಂದ ಸರ್ಕಾರದ ಕಾಲದವರೆಗೆ ಒಂದಲ್ಲ ಒಂದು ಕಚೇರಿಯಲ್ಲಿ ದುಡಿದವರು ಅವರು. ಮೇಲೆ ಯಾರೂ ಇಲ್ಲದೆ ಕೆಲಸ ನಡೆಯುತ್ತದೆ ಎಂಬ ಮಾತನ್ನು ಸಣ್ಣ ವಯಸ್ಸಿನವಳ ತಿಳಿವಳಿಕೆ ಎಂದು ಬಿಟ್ಟುಬಿಟ್ಟರು.

ಹೆಡ್‌ಮೇಷ್ಟ್ರು ತಮ್ಮ ಪದವನ್ನು ಮೊದಲು ಇಟ್ಟರು. "ಇದ್ರಲ್ಲೇನದೆ. ಅದು ಏನ್ ಮಾಡ್ತದೆ? ಕೂತ್ಕಂಡದೆ. 'ಕೂತ್ಕಂಡೋನು' ಅನ್ನಿ, ಮುಗೀತು."

ಪಂಡಿತರು ಕಣ್ಣು ಮುಚ್ಚಿ ಯೋಚಿಸಿ 'ನಿರೋಧಕ' ಎಂದರು. ತಡೆಯುವಂಥದ್ದು. ಧಾತು, ಉಪಸರ್ಗ, ಪ್ರತ್ಯಯ ಎಲ್ಲ ಸರಿಯಾಗಿದೆ.

ಆದರೆ ಹಿಂದಿನ ವರ್ಷವಷ್ಟೇ ಸರ್ಕಾರದವರು ಮಕ್ಕಳಾಗದಂತೆ ತಡೆಯುವ ಒಂದು ರಬ್ಬರಿನ ಸಾಮಾನಿಗೆ ಹೆಚ್ಚುಕಡಿಮೆ ಅದೇ ಪದವನ್ನು ಹೆಸರಾಗಿ ಇಟ್ಟು ಊರಿನ ಗೋಡೆಗೋಡೆಯ ಮೇಲೆ ಕೆಂಪು ತ್ರಿಕೋನದ ಜೊತೆ ಬರೆಸಿದ್ದರು. ಪಂಡಿತರು ಗೋಡೆಗಳನ್ನು ಓದುವವರಲ್ಲ. ಅಧ್ಯಕ್ಷರು ಕಿಟಕಿಯ ಕಡೆ ತಿರುಗಿದರು. ಹೆಡ್‌ಮೇಷ್ಟ್ರು ಕೆಮ್ಮಿ, "ಆ ಮಾತು ಬ್ಯಾಡಿ ಸ್ವಾಮಿ. ಅದ್ನ ಆಸ್ಪತ್ರೆಯೋರು ತಗಂಡ್ಬುಟ್ಟವ್ರೆ" ಎಂದರು.

"ಯಾವ ಆಸ್ಪತ್ರೆ? ಎಂಥ ರೋಗಕ್ಕೆ?"

"ರೋಗಕ್ಕಲ್ಲ."

"ಮತ್ತೆ?"

ಹೆಡ್‌ಮೇಷ್ಟ್ರು ನನ್ನ ಕಡೆ ನೋಡಿದರು. ಹೆಂಗಸಿನ ಎದುರಿಗೆ ಹೇಗೆ ಹೇಳುವುದು ಎಂದು ಇಬ್ಬರೂ ಗಂಡಸರು ಒದ್ದಾಡುತ್ತಿದ್ದುದರಿಂದ ಕೊನೆಗೆ ಹೆಂಗಸೇ ಹೇಳಬೇಕಾಯಿತು. ನಾನು ಪಾಠ ಹೇಳುವ ದನಿಯಲ್ಲಿ, ಯಾರ ಮುಖವನ್ನೂ ನೋಡದೆ ಹೇಳಿ ಮುಗಿಸಿದೆ. ಪಂಡಿತರು ಗಂಭೀರವಾಗಿ ಕೇಳಿಸಿಕೊಂಡು, "ಪದ ಶುದ್ಧವಾಗೇ ಇದೆ. ಸರ್ಕಾರದಲ್ಲಿ ಯಾರೋ ವ್ಯಾಕರಣ ಬಲ್ಲವರಿದ್ದಾರೆ" ಎಂದರು.

ಬೇರೆ ಪದ ಬೇಕು. ಆದರೆ ಪಂಡಿತರಿಗೆ ಈಗ ಅನುಮಾನ ಹುಟ್ಟಿತ್ತು. "ಇದು ತಡೆಯುತ್ತೋ, ಮುಚ್ಚುತ್ತೋ, ಕಾಯುತ್ತೋ ನನಗೆ ಸ್ಪಷ್ಟವಾಗಿಲ್ಲ. ಮೂರಕ್ಕೂ ಬೇರೆ ಬೇರೆ ಧಾತು. ಕ್ರಿಯೆ ಕಣ್ಣಿಗೆ ಕಾಣಬೇಕಮ್ಮ, ತೋರಿಸಿ."

ಸೂಕ್ಷ್ಮದರ್ಶಕದಲ್ಲೂ ಕಾಣದ್ದನ್ನು ಎಲ್ಲಿ ತೋರಿಸಲಿ? ಕೊಠಡಿಯಲ್ಲಿ ವಾಚನಾಲಯದ ಹಳೆಯ ಬೆಂಚುಗಳಿದ್ದವು. ಅವನ್ನು ಸಾಲಾಗಿ ಜೋಡಿಸಿ ಅದರ ಮೇಲೆ ಸೀಮೆಸುಣ್ಣದಲ್ಲಿ ಎ, ಟಿ, ಜಿ, ಸಿ ಎಂದು ಉದ್ದಕ್ಕೂ ಬರೆದೆ. ಇದು ಡಿಎನ್ಎ ಎಂದೆ. ಅಕ್ಷರಗಳು ಶುರುವಾಗುವ ತುದಿಯಲ್ಲಿ ಪಂಡಿತರು ಕೂರಬೇಕು, ಅವರು ರಿಪ್ರೆಸರ್. ಹೆಡ್‌ಮೇಷ್ಟ್ರು ನಕಲು ಮಾಡುವ ಕಿಣ್ವ. ಬೆಂಚಿನ ಪಕ್ಕದಲ್ಲಿ ನಡೆಯುತ್ತ ಅಕ್ಷರ ಓದಿ ಬರೆದುಕೊಳ್ಳಬೇಕು.

"ನಾನೊಬ್ನೇ ಓಗ್ಬೇಕಾ?" ಎಂದರು ಹೆಡ್‌ಮೇಷ್ಟ್ರು.

ನಿಜ ಹೇಳಬೇಕೆಂದರೆ ಆ ಕಿಣ್ವ ಒಬ್ಬನಲ್ಲ, ಹಲವು ಪ್ರೋಟೀನುಗಳು ಒಟ್ಟಿಗೆ ಅಂಟಿಕೊಂಡ ಗುಂಪು. ಆ ಗುಂಪಿನಲ್ಲಿ ಒಂದರ ಕೆಲಸ ಜೀನು ಎಲ್ಲಿ ಶುರುವಾಗುತ್ತದೆಂದು ಹುಡುಕಿ ಉಳಿದವನ್ನು ಅಲ್ಲಿಗೆ ಮುಟ್ಟಿಸುವುದು, ನಕಲು ಶುರುವಾದ ಮೇಲೆ ಬಿಟ್ಟುಹೋಗುವುದು. ಇದು ಆಗಷ್ಟೇ ಗೊತ್ತಾಗಿತ್ತು. ಇದನ್ನು ಹೇಳಿದ ಕೂಡಲೇ ಅಧ್ಯಕ್ಷರು ಎದ್ದು ಕೋಟಿನ ಗುಂಡಿ ಹಾಕಿಕೊಂಡರು. "ಉದ್ಘಾಟನೆ ಮಾಡಿ ಹೊರಡೋದು. ಅದು ನನ್ನ ಕೆಲಸ" ಎಂದು ಹೆಡ್‌ಮೇಷ್ಟ್ರ ಕೈ ಹಿಡಿದು ಬೆಂಚಿನ ತುದಿಗೆ ಕರೆತಂದರು. ಪಂಡಿತರು ಆಗಲೇ ಪದ್ಮಾಸನ ಹಾಕಿ ಮೊದಲನೆಯ ಅಕ್ಷರಗಳ ಮೇಲೆ ಕೂತಿದ್ದರು.

"ಈಗ ಮೇಷ್ಟ್ರು ಮುಂದೆ ಹೋಗೋ ಹಾಗಿಲ್ಲ" ಎಂದೆ. "ಹಾಲಿನ ಸಕ್ಕರೆ ಬರಬೇಕು."

ಅಧ್ಯಕ್ಷರು ವಾಚನಾಲಯದ ಜವಾನನನ್ನು ಕೂಗಿ ಬೀದಿಯ ಮಿಠಾಯಿ ಅಂಗಡಿಯಿಂದ ಪೇಡ ತರಿಸಿದರು. ಪೇಡದಲ್ಲಿ ಹಾಲಿನ ಸಕ್ಕರೆ ಬೇಕಾದಷ್ಟಿದೆ, ಆಯ್ಕೆ ಸರಿಯಾಗಿಯೇ ಇತ್ತು. ಒಂದನ್ನು ಎಲೆಯ ಮೇಲಿಟ್ಟು ಪಂಡಿತರಿಗೆ ಹಿಡಿದರು.

"ನಾನು ಅಂಗಡಿ ಪದಾರ್ಥ ತಿನ್ನೋಲ್ಲ" ಎಂದರು ಪಂಡಿತರು.

"ತಿಂದ ಹಾಗೆ ಮಾಡಿ ಎದ್ದುಬಿಡಿ" ಎಂದರು ಅಧ್ಯಕ್ಷರು.

"ಅದು ಹೇಗಾಗುತ್ತೆ? ಸಕ್ಕರೆ ಅಂಟದೆ ಆಕಾರ ಬದಲಾಗೋಲ್ಲ, ಆಕಾರ ಬದಲಾಗದೆ ಏಳೋಲ್ಲ ಅಂತ ಇವರು ಸ್ಪಷ್ಟವಾಗಿ ಹೇಳಿದ್ದಾರೆ."

"ನಾನು ಅಧ್ಯಕ್ಷನಾಗಿ ಹೇಳ್ತಿದೀನಿ, ಎದ್ದೇಳಿ."

"ಅಪ್ಪಣೆ ಕೊಡೋರು ಯಾರೂ ಇಲ್ಲ ಅಂತಲೂ ಹೇಳಿದ್ದಾರೆ."

ಅಧ್ಯಕ್ಷರು ನನ್ನ ಕಡೆ ತಿರುಗಿ ಇದಕ್ಕೇನು ಪರಿಹಾರ ಎಂದು ಕೇಳಿದರು. ಹಾಗೆ ಕೇಳಬಾರದಿತ್ತು, ಕೇಳಿದರೂ ನಾನು ಸುಮ್ಮನಿರಬೇಕಿತ್ತು. ಆದರೆ ನನಗೆ ಗೊತ್ತಿದ್ದದ್ದನ್ನು ಹೇಳಿಬಿಟ್ಟೆ. ಇಂಥ ಬ್ಯಾಕ್ಟೀರಿಯಗಳೂ ಇವೆ ಸಾರ್, ಅವುಗಳ ರಿಪ್ರೆಸರ್‌ನಲ್ಲಿ ಸಣ್ಣ ಬದಲಾವಣೆಯಾಗಿ ಸಕ್ಕರೆ ಅಂಟುವುದೇ ಇಲ್ಲ, ಎಷ್ಟು ಹಾಲು ಸುರಿದರೂ ಅದು ಏಳುವುದಿಲ್ಲ, ಆ ಜೀನು ಎಂದಿಗೂ ತೆರೆಯುವುದಿಲ್ಲ ಎಂದೆ.

"ಹಾಗಾದರೆ ಇದು ಶಾಸ್ತ್ರಸಮ್ಮತ" ಎಂದು ಪಂಡಿತರು ಇನ್ನೂ ನೆಟ್ಟಗೆ ಕೂತರು.

ನಾವು ಕಾದೆವು. ಹೆಡ್‌ಮೇಷ್ಟ್ರು ಕೈಯಲ್ಲಿ ಪೆನ್ಸಿಲು, ಹಾಳೆ ಹಿಡಿದು ಪಂಡಿತರ ಮೊಣಕಾಲಿಗೆ ತಾಗಿಕೊಂಡೇ ನಿಂತಿದ್ದರು. ನಿಂತೂ ನಿಂತೂ ಸಾಕಾಗಿ, ಅಧ್ಯಕ್ಷರು ತರಿಸಿದ್ದ ಪೇಡವನ್ನು ಮೇಷ್ಟ್ರೇ ತಿಂದರು. ಕೆಳಗೆ ಪತ್ರಿಕೆ ಓದಲು ಬಂದ ಒಬ್ಬಿಬ್ಬರು ಮೆಟ್ಟಿಲವರೆಗೆ ಬಂದು ಇಣುಕಿ ಹೋದರು. ಪಂಡಿತರನ್ನು ಅಲ್ಲಿಂದ ಎಬ್ಬಿಸುವುದು ಸಾಧ್ಯವೇ ಇಲ್ಲ ಎಂದು ಎಲ್ಲರಿಗೂ ನಿಧಾನವಾಗಿ ಖಾತ್ರಿಯಾಗತೊಡಗಿತು. ನನಗೆ ಮೊದಲು ನಗು ಬಂದಿತ್ತು, ಆಮೇಲೆ ಹೆದರಿಕೆಯಾಯಿತು. ಸೋಮವಾರ ಈ ಸುದ್ದಿ ಕಾಲೇಜಿಗೆ ಮುಟ್ಟುತ್ತದೆ, ಹೊಸದಾಗಿ ಸೇರಿದ ಹುಡುಗಿ ವಯಸ್ಸಾದವರನ್ನು ಬೆಂಚಿನ ಮೇಲೆ ಕೂರಿಸಿ ಆಟವಾಡಿಸಿದಳು ಅನ್ನುತ್ತಾರೆ ಎಂದುಕೊಂಡೆ.

"ಸ್ವಾಮಿ, ನಿಮ್ ಮನೆ ಹಾಲಾದ್ರೆ ಕುಡೀತೀರಾ?" ಎಂದರು ಹೆಡ್‌ಮೇಷ್ಟ್ರು ಕೊನೆಗೆ.

"ಧಾರಾಳವಾಗಿ."

ಜವಾನನನ್ನು ಸೈಕಲ್ಲಿನಲ್ಲಿ ಕೋಟೆಯ ಹತ್ತಿರದ ಅಗ್ರಹಾರಕ್ಕೆ, ಪಂಡಿತರ ಮನೆಗೆ ಅಟ್ಟಿದರು. ಅವನು ಅಲ್ಲಿ ಏನು ಹೇಳಿದನೆಂದು ನಮಗೆ ಆಮೇಲೆ ತಿಳಿಯಿತು. "ಯಜಮಾನ್ರು ಕೂತಲ್ಲಿಂದ ಏಳ್ತಾ ಇಲ್ಲ. ಬಾಯಿಗೆ ಹಾಲು ಬೇಕಂತೆ, ಬೇಗ ಕೊಡ್ಬೇಕಂತೆ" ಎಂದಿದ್ದನಂತೆ. ಸುಳ್ಳೇನಲ್ಲ.

ಬಹಳ ಹೊತ್ತಿನ ಮೇಲೆ ಕೆಳಗೆ ಜಟಕಾ ಬಂದು ನಿಂತ ಸದ್ದಾಯಿತು. ಮೆಟ್ಟಿಲು ಹತ್ತಿ ಬಂದವರು ಪಂಡಿತರ ಹೆಂಡತಿ. ಒಂದು ಕೈಯಲ್ಲಿ ಹಾಲಿನ ಚೊಂಬು, ಇನ್ನೊಂದು ಕೈಯಲ್ಲಿ ದೇವರ ಮನೆಯಿಂದ ತಂದ ಗಂಗೆಯ ಸಣ್ಣ ತಾಮ್ರದ ತಂಬಿಗೆ, ಕಾಶಿಯಲ್ಲಿ ಬೆಸುಗೆ ಹಾಕಿದ್ದು ಹಾಗೇ ಇತ್ತು. ಬಾಗಿಲಲ್ಲಿ ನಿಂತು ನೋಡಿದರು. ಗಂಡ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಾರೆ, ಇಬ್ಬರು ಗಂಡಸರು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಾರೆ. ಆಕೆಯ ಮುಖ ಬಿಳಿಚಿಕೊಂಡಿತು. ನಾನು ಓಡಿಹೋಗಿ ತೋಳು ಹಿಡಿದುಕೊಂಡೆ.

"ಏನಾಗಿದೆಯಮ್ಮ ಇವರಿಗೆ?"

"ಏನೂ ಆಗಿಲ್ಲ ಅಮ್ಮ. ಅವರು ಪ್ರೋಟೀನು."

ಆ ಕ್ಷಣದಲ್ಲಿ ನನಗೆ ಬೇರೆ ಮಾತೇ ಹೊಳೆಯಲಿಲ್ಲ. ಆಕೆ ನನ್ನನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು.

"ಅದಕ್ಕೆ ಏಳೋಕೆ ಆಗ್ತಿಲ್ವೆ?"

ಪಂಡಿತರು ಕಣ್ಣು ಬಿಟ್ಟು, "ಹಾಲು ತಂದೆಯೇನೇ? ಕೊಡು ಇಲ್ಲಿ" ಎಂದರು. ಆಕೆ ಚೊಂಬು ಕೊಟ್ಟರು. ಗಂಗೆಯ ತಂಬಿಗೆಯನ್ನು ಸೆರಗಿನೊಳಗೆ ಮುಚ್ಚಿಕೊಂಡದ್ದನ್ನು ನಾನು ಮಾತ್ರ ನೋಡಿದೆ. ಪಂಡಿತರು ತುಟಿಗೆ ತಾಗಿಸದೆ ಮೇಲಿನಿಂದ ಹಾಲು ಸುರಿದುಕೊಂಡು ಕುಡಿದು, ಚೊಂಬು ಕೆಳಗಿಟ್ಟು, ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ "ಆಕಾರ ಬದಲಾಯಿತು" ಎಂದು ಹೇಳಿ ಬೆಂಚಿನಿಂದ ಇಳಿದರು. ಕೂತು ಕೂತು ಕಾಲು ಜೋಮು ಹಿಡಿದಿದ್ದರಿಂದ ಆಕಾರ ನಿಜವಾಗಿಯೂ ಬದಲಾಗಿತ್ತು. ಸೊಟ್ಟಗೆ ನಡೆದು ಗೋಡೆ ಹಿಡಿದುಕೊಂಡರು.

ಅಧ್ಯಕ್ಷರು ಹೆಡ್‌ಮೇಷ್ಟ್ರ ಕೈ ಮತ್ತೆ ಹಿಡಿದು ಮುಂದಕ್ಕೆ ಬಿಟ್ಟರು. ಹೆಡ್‌ಮೇಷ್ಟ್ರು ಹೊರಟರು. ಅಷ್ಟು ಹೊತ್ತು ತಡೆದಿಟ್ಟದ್ದಕ್ಕೋ ಏನೋ, ಕ್ಲಾಸಿನಲ್ಲಿ ಮಗ್ಗಿ ಹೇಳಿಸುವ ದನಿಯಲ್ಲಿ "ಎ... ಟಿ... ಜಿ..." ಎಂದು ಕೂಗುತ್ತ ಬರೆಯುತ್ತ ಸಾಗಿದರು. ಮೂಲದಲ್ಲಿ 'ಟಿ' ಇದ್ದ ಕಡೆ ನಕಲಿನಲ್ಲಿ 'ಯು' ಎಂದು ಬರೆಯಬೇಕು ಸಾರ್ ಎಂದು ನಾನು ನೆನಪಿಸಿದೆ. ಅವರು ಅಲ್ಲೇ ನಿಂತುಬಿಟ್ಟರು.

"ನೋಡಿ ಬರ್ಕೊಳೋವಾಗ ತಪ್ಪು ಬರೀ ಅಂತೀರಾ? ಈ ಕೈಯಿಂದ ಎಷ್ಟ್ ಮಕ್ಳಿಗೆ ಕಿವಿ ಇಂಡಿವ್ನಿ ಅದಕ್ಕೇಯ."

"ತಪ್ಪಲ್ಲ ಸಾರ್, ಅಲ್ಲಿ ನಿಯಮವೇ ಹಾಗೆ."

"ಅಂಗಾದ್ರೆ ನಿಯಮ ತಪ್ಪು ಕಣಮ್ಮ" ಎಂದು 'ಟಿ' ಎಂದೇ ಬರೆದು ಮುಂದೆ ಹೋದರು. ಅಷ್ಟರಲ್ಲಿ ಪಂಡಿತರು ಹಾಲು ಮುಗಿದಿದೆ ಎಂಬುದನ್ನು ಗಮನಿಸಿ ಮತ್ತೆ ಬೆಂಚು ಹತ್ತಲು ಹೊರಟಿದ್ದರು. ಅವರ ಹೆಂಡತಿ ಅಡ್ಡ ನಿಂತು, "ಏನೂಂದ್ರೆ, ಜಟಕಾದವನು ಕಾಯ್ತಿದಾನೆ. ಮನೆಗೆ ನಡೀರಿ" ಎಂದರು. ಅಪ್ಪಣೆ ಕೊಡುವವರು ಯಾರೂ ಇಲ್ಲ ಎಂದು ಪಂಡಿತರು ಆಗ ಹೇಳಲಿಲ್ಲ. ಪೇಟ ಸರಿಮಾಡಿಕೊಂಡು ಹೆಂಡತಿಯ ಹಿಂದೆ ಮೆಟ್ಟಿಲಿಳಿದರು.

ಸೋಮವಾರ ಕಾಲೇಜಿನಲ್ಲಿ ಯಾರೂ ಏನೂ ಕೇಳಲಿಲ್ಲ. ಮುಖ್ಯಸ್ಥರು ಮಾತ್ರ "ಸಮಿತಿ ಚುರುಕಾಗಿದೆ ಅಂತ ಕೇಳಿದೆ" ಎಂದರು. ಅದು ಹೊಗಳಿಕೆಯೋ ಏನೋ ಗೊತ್ತಾಗಲಿಲ್ಲ.

ಮುಂದಿನ ಶನಿವಾರ ಪಂಡಿತರು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ಸಭೆ ಶುರುವಾದ ಕೂಡಲೇ ತಮ್ಮ ಅಭಿಪ್ರಾಯ ಹೇಳಿದರು. "ನಾನು ಆ ಸ್ಥಾನದಲ್ಲಿ ಕೂತು ನೋಡಿದೆ. ನಾನು ಯಾರನ್ನೂ ತಡೀತಿರಲಿಲ್ಲ. ಯಾರನ್ನೂ ಅದುಮಿಡ್ತಿರಲಿಲ್ಲ. ಮೇಷ್ಟ್ರ ಮೇಲೆ ನನಗೆ ಯಾವ ದ್ವೇಷವೂ ಇರಲಿಲ್ಲ. ಸುಮ್ಮನೆ ಕೂತಿದ್ದೆ, ಅಷ್ಟೆ. ನನ್ನ ಅನುಭವದಲ್ಲಿ ಇಂಗ್ಲಿಷಿನ ಪದವೇ ತಪ್ಪು."

ಹೆಡ್‌ಮೇಷ್ಟ್ರು ಮೇಜು ಕುಟ್ಟಿದರು. "ನಾ ಏನಂದಿದ್ದೆ?"

"ನೀವು ಹೇಳಿದ್ದೇ ಸರಿ. ರೂಪ ಮಾತ್ರ ಸಭ್ಯವಾಗಬೇಕು." 'ಆಸ್' ಎಂದರೆ ಕೂರುವುದು, ಅದರಿಂದ 'ಆಸೀನಕ' ಎಂದು ಪಂಡಿತರು ಪದ ಕಟ್ಟಿದರು. ನಾನು ಆ ಸಮಿತಿಯಲ್ಲಿದ್ದಷ್ಟು ಕಾಲ ಅವರಿಬ್ಬರೂ ಒಪ್ಪಿದ ಪದ ಅದೊಂದೇ. ಇಂಗ್ಲಿಷಿನಲ್ಲೂ ತಿದ್ದಿಕೊಳ್ಳುವಂತೆ ಆ ಪ್ರೋಟೀನನ್ನು ಕಂಡುಹಿಡಿದ ಪರದೇಶದ ವಿಜ್ಞಾನಿಗಳಿಗೆ ತಿಳಿಸಬೇಕೆಂದು ಅಧ್ಯಕ್ಷರು ಗೊತ್ತುವಳಿ ಮಾಡಿದರು. ತಿಳಿಸುವ ಜವಾಬ್ದಾರಿಯನ್ನು ನನಗೆ ವಹಿಸಿದರು. ನಾನು ಆಗಲಿ ಸಾರ್ ಎಂದೆ. ಆ ವಿಜ್ಞಾನಿಗಳು ಇಂದಿಗೂ ರಿಪ್ರೆಸರ್ ಎಂದೇ ಕರೆಯುತ್ತಿದ್ದಾರೆ.

ವರ್ಷ ಕಳೆದು ಪದಕೋಶ ಅಚ್ಚಾಗಿ ಬಂತು. ಅದರಲ್ಲಿ ನಮ್ಮ ಪದ ಇರಲಿಲ್ಲ. ಮೇಲಿನ ಸಮಿತಿಯೊಂದು ಎಲ್ಲವನ್ನೂ ಪರಿಶೀಲಿಸಿ 'ನಿಗ್ರಹಕ' ಎಂದು ಹಾಕಿತ್ತು. ಮೇಲೆ ಒಂದು ಸಮಿತಿ ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಅಧ್ಯಕ್ಷರಿಗೆ ಮಾತ್ರ ಇದರಿಂದ ಬೇಸರವಾಗಲಿಲ್ಲ, ಒಳಗೊಳಗೇ ಸಮಾಧಾನವಾದಂತೆ ಕಂಡಿತು.

ಪಂಡಿತರಿಗೆ ನಾನೇ ಹೇಳಬೇಕೆನಿಸಿ ವಿದ್ಯಾರಣ್ಯಪುರಂನ ನಮ್ಮ ಮನೆಯಿಂದ ಅಗ್ರಹಾರಕ್ಕೆ ನಡೆದೇ ಹೋದೆ. ಅವರು ಜಗುಲಿಯಲ್ಲಿ ಕೂತು ಪದಕೋಶದ ಆ ಪುಟ ನೋಡಿದರು. ಬೇಜಾರಾಯಿತೆಂದು ಮುಖದಲ್ಲಿ ಕಾಣುತ್ತಿತ್ತು. "ವ್ಯಾಕರಣ ದೋಷವೇನಿಲ್ಲ" ಎಂದು ಪುಸ್ತಕ ಮುಚ್ಚಿದರು. ಅದನ್ನು ನನ್ನ ಕೈಗೆ ಕೊಡುತ್ತ, "ಕೂತು ನೋಡಿದವರಲ್ಲ ಅವರು" ಎಂದರು.

ಅವರ ಹೆಂಡತಿ ನನಗೆ ಲೋಟದ ತುಂಬ ಹಾಲು ತಂದುಕೊಟ್ಟು ಪಕ್ಕದಲ್ಲಿ ಕೂತರು. ನೀವು ಕುಡಿಯುವುದಿಲ್ಲವೇ ಎಂದು ಕೇಳಿದೆ.

"ನನಗೆ ಆಗೋಲ್ಲಮ್ಮ, ಹೊಟ್ಟೆ ಉಬ್ಬರಿಸುತ್ತೆ. ಚಿಕ್ಕವಳಾಗಿದ್ದಾಗ ಸೇರುಗಟ್ಟಲೆ ಕುಡೀತಿದ್ದೆ. ಆಮೇಲಾಮೇಲೆ ಆಗದೇ ಹೋಯ್ತು. ಅವತ್ತು ಇವರು ಎಲ್ಲ ಬಿಡಿಸಿ ಹೇಳಿದಾಗಿಂದ ಯೋಚನೆ ಮಾಡ್ತಿದೀನಿ, ನನ್ನೊಳಗೂ ಯಾರಾದರೂ ಹಾಗೆ ಕೂತುಬಿಟ್ಟಿದಾರೇನು?"

ಬೆಳೆದವರಲ್ಲಿ ಹೆಚ್ಚಿನ ಜನಕ್ಕೆ ಹಾಲು ಒಡೆಯುವ ಕಿಣ್ವದ ಜೀನು ಬಾಲ್ಯ ಕಳೆದ ಮೇಲೆ ಸುಮ್ಮನಾಗುತ್ತದೆ, ನಮ್ಮ ಜೀವಕೋಶಗಳಲ್ಲಿ ಒಬ್ಬರಲ್ಲ, ಹತ್ತಾರು ಪ್ರೋಟೀನುಗಳು ಸೇರಿ ಅದನ್ನು ತೀರ್ಮಾನಿಸುತ್ತವೆ, ಅಲ್ಲಿ ಹಾಲು ಸುರಿದರೂ ಅವು ಜಗ್ಗುವುದಿಲ್ಲ ಎಂಬುದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅಷ್ಟೂ ಬಿಡಿಬಿಡಿಯಾಗಿ. ಆಗ ನಾನು, "ಇರಬಹುದಮ್ಮ. ಯಾರು ಕೂತಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ" ಎಂದೆ.

ಪಂಡಿತರು ಕನ್ನಡಕ ಹಾಕಿಕೊಂಡರು. "ಅದಕ್ಕೂ ಒಂದು ಹೆಸರು ಬೇಕಾಗುತ್ತೆ."

"ಮೊದಲು ಹೋಗಿ ಕಾಫಿಪುಡಿ ತನ್ನಿ" ಎಂದರು ಅವರ ಹೆಂಡತಿ. ಪಂಡಿತರು ಕೊಡೆ ತೆಗೆದುಕೊಂಡು ಹೊರಟರು.